ಹರಕೆಯ ಕಡಲೆ

ಹತ್ತು ದಿನ ಊರೂರು ಸುತ್ತಿ, ಶಾಂತಿಯ ಬಗ್ಗೆ ಪ್ರವಚನ ಮಾಡಿ ಮರುಳಯ್ಯನವರು ಆಶ್ರಮಕ್ಕೆ ಮರಳಿದರು. ಆ ಶಾಂತಿ ಆಶ್ರಮದ ಪಕ್ಕದ ಹೊಳೆಯ ದಂಡೆಯವರೆಗಷ್ಟೇ ಉಳಿಯಿತು.

ಅಲ್ಲಿ ಆಶ್ರಮದ ಕುದುರೆ ಚಂದ್ರಿ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತ್ತು. ಕರೆದರೂ ಹೆಜ್ಜೆ ಕೀಳಲಿಲ್ಲ. ಗುರುಗಳು ಗೊರಸಿನ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು.

“ಬೊಮ್ಮಣ್ಣಾ!”

ಕುದುರೆ ನೋಡಿಕೊಳ್ಳುತ್ತಿದ್ದ ಶಿಷ್ಯ ಓಡಿ ಬಂದ.

“ಏನು ಹಾಕಿದೆ ಇದಕ್ಕೆ?”

“ಮಾಮೂಲಿನದೇ, ಗುರುಗಳೇ.”

“ಮಾಮೂಲಿ ಅಂದರೆ?”

“ಒಣಹುಲ್ಲು. ಆಮೇಲೆ ಭಕ್ತರು ತಂದ ನೆನೆಸಿದ ಕಡಲೆ. ಬೆಲ್ಲ.”

“ಎಷ್ಟು?”

“ಅವರು ತಂದಷ್ಟೂ. ಹರಕೆಯದು, ಬೇಡ ಅನ್ನೋಕಾಗುತ್ತಾ?”

“ಹರಕೆ ಅವರದು. ಕಾಲು ಇದರದು. ಒಂದು ಹಿಡಿಗಿಂತ ಹೆಚ್ಚು ಬೇಡ ಅಂತ ಎಷ್ಟು ಸಲ ಹೇಳಿದ್ದೆ?”

“ಮೂರು ಸಲ.”

“ನಾಲ್ಕು! ದಿನಾ ಓಡಾಡಿಸಿದೆಯಾ?”

“ಪಾಪ, ನೀವಿಲ್ಲದಾಗಲಾದರೂ ಸುಧಾರಿಸಿಕೊಳ್ಳಲಿ ಅಂತ ಎಳೆಹುಲ್ಲಿನಲ್ಲಿ ಬಿಟ್ಟಿದ್ದೆ.”

ಗುರುಗಳು ಹಣೆ ಚಚ್ಚಿಕೊಂಡರು.

ಬೊಮ್ಮಣ್ಣನಿಗೆ ಇನ್ನೂ ಅರ್ಥವಾಗಿರಲಿಲ್ಲ. “ತಿಂದದ್ದು ಹೊಟ್ಟೆಗೆ. ನೋವು ಕಾಲಿಗೆ ಹೇಗೆ ಬಂತು?”

“ನಿನ್ನ ಬೆರಳು ಊದಿದರೆ ಉಂಗುರ ಏನು ಮಾಡ್ತೀಯ?”

“ಕತ್ತರಿಸಿ ತೆಗೀತೀನಿ.”

“ಅತಿಯಾಗಿ ತಿಂದ ಕಡಲೆ, ಬೆಲ್ಲ, ಎಳೆಹುಲ್ಲು ಇದರ ಹೊಟ್ಟೆಯಲ್ಲಿ ಹುಳಿಯಿತು. ಆ ನಂಜು ರಕ್ತಕ್ಕೆ ಇಳಿದು ಗೊರಸಿನ ಒಳಗೆ ಊತ ಬಂದಿದೆ. ಈಗ ಗೊರಸು ತೆಗೆದಿಡು, ನೋಡೋಣ.”

ಬೊಮ್ಮಣ್ಣನ ಮುಖ ಬಿಳಿಚಿಕೊಂಡಿತು. “ಹಾಗಾದರೆ ಈಗಲೇ ಓಡಾಡಿಸ್ತೀನಿ!” ಎಂದು ಹಗ್ಗ ಹಿಡಿದು ಎಳೆದ.

“ಬಿಡೋ! ಒಳಗಿನ ಮೂಳೆ ಜಾರಿದರೆ ಇದು ಮತ್ತೆ ನಡೆಯೋದಿಲ್ಲ. ಓಡಾಡಿಸಬೇಕಾದಾಗ ಸುಮ್ಮನೆ ನಿಲ್ಲಿಸಿದೆ, ನಿಲ್ಲಿಸಬೇಕಾದಾಗ ಎಳೀತಿದ್ದೀಯ. ಶಿವನೇ, ಇವನಿಗೆ ಇನ್ನು ಯಾವ ಭಾಷೆಯಲ್ಲಿ ಹೇಳಲಿ? ಓಡು, ಪಶುವೈದ್ಯರನ್ನು ಕರೆದುಕೊಂಡು ಬಾ!”

ವೈದ್ಯರು ಬಂದು ಔಷಧಿ ಕೊಟ್ಟರು. ಉಳಿಯುತ್ತದೆ ಎಂದು ಮಾತ್ರ ಹೇಳಲಿಲ್ಲ.

ಬೊಮ್ಮಣ್ಣ ಕುದುರೆಯ ಕಾಲಡಿ ದಪ್ಪಗೆ ಮರಳು ಹಾಸಿದ. ಮೊದಲ ದಿನಗಳಲ್ಲಿ ಗೊರಸಿಗೆ ತಣ್ಣೀರು ಹೊಯ್ಯುತ್ತಲೇ ಇದ್ದ. ಒಣಹುಲ್ಲನ್ನು ತೂಗಿ ಹಾಕಿದ. ನಡುನಡುವೆ ಅತ್ತ. ಅದಕ್ಕೂ ಗುರುಗಳಿಂದ ಬೈಸಿಕೊಂಡ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚಂದ್ರಿ ಕುಂಟದೆ ನಾಲ್ಕು ಹೆಜ್ಜೆ ಇಟ್ಟಿತು.

ಅಂದೇ ಒಬ್ಬ ಭಕ್ತೆ ತಟ್ಟೆ ತುಂಬ ಕಡಲೆ, ಬೆಲ್ಲ ತಂದಳು. ಬೊಮ್ಮಣ್ಣ ಕೈಮುಗಿದು, “ಬೇಡ ತಾಯಿ, ಇದರ ಕಾಲಿಗೆ ಆಗಿಬರೋಲ್ಲ” ಎಂದ. “ಮೂಕಪ್ರಾಣಿಯ ಬಾಯಿಗೆ ಬಂದದ್ದನ್ನೂ ಕಸಿಯುತ್ತೀಯಲ್ಲ!” ಎಂದು ಆಕೆ ಸಿಡಿಮಿಡಿಗೊಂಡು ಹೊರಟುಹೋದಳು.

ಅವನು ಬಂದು ಗುರುಗಳ ಬಳಿ ಮುಖ ಇಳಿಬಿಟ್ಟು ಕುಳಿತ.

“ಕುದುರೆ ಮತ್ತೆ ನಡೆಯಿತಲ್ಲ. ಇನ್ನೇನು ನಿನ್ನ ಗೋಳು?”

“ಒಣಹುಲ್ಲು ಹಿಡಿದು ಹೋದರೆ ಅದು ನನ್ನ ಮುಖವನ್ನೂ ನೋಡೋದಿಲ್ಲ, ಗುರುಗಳೇ. ಮೊದಲು ಬೆಲ್ಲ ಹಿಡಿದು ಹೊರಟರೆ ದೂರದಿಂದಲೇ ಕೆನೆಯುತ್ತಿತ್ತು. ಆ ದನಿ ಕೇಳದಿದ್ದರೆ ನನಗೆ ಅನ್ನವೇ ಸೇರುತ್ತಿರಲಿಲ್ಲ.”

ಗುರುಗಳು ಅವನತ್ತ ತಿರುಗಿದರು.

“ಹಾಗಾದರೆ ಹಸಿದಿದ್ದು ಯಾರಪ್ಪಾ?”