ಮೂವತ್ತೆರಡು ಬಂದರೆ ಮಾತ್ರ

ಕತೆ ಹೇಳುತ್ತೇನೆ. ಆದರೆ ಹಲ್ಲು ಕಿಸಿಯುವವರು ಈಗಲೇ ಎದ್ದು ಹೋಗಿ. ಈ ಕತೆಗೆ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಲ್ಲುಮೊನೆ ಅಂತ ಕಡಲ ದಂಡೆಯ ಒಂದು ಕೇರಿ. ಅಲ್ಲಿ ನನ್ನ ಪಕ್ಕದ ಮನೆಯವಳು ಮಾಸ್ತಮ್ಮ, ಒಣಮೀನು ಮಾರುವವಳು. ಅವಳಿಗೆ ಒಬ್ಬನೇ ಮಗ ಜಟ್ಟಪ್ಪ. ವಯಸ್ಸು ಮೂವತ್ತು. ಆಳು ನೋಡಿದರೆ ದೋಣಿಯನ್ನು ಒಬ್ಬನೇ ದಡಕ್ಕೆ ಎಳೆದು ಹಾಕುವ ಹಾಗಿದ್ದಾನೆ. ಬುದ್ಧಿ ಮಾತ್ರ ಹೇಳಿದಷ್ಟೇ. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಡಿಮೆಯಿಲ್ಲ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುತ್ತಾನೆ. ಬೆಕ್ಕು ಕಿಟಕಿಯಿಂದ ಬಂದು ಮೀನು ತಿಂದು ಹೋಗುತ್ತದೆ!

"ಅಯ್ಯೋ ತಮಾ," ಅಂತ ಮಾಸ್ತಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು, "ನಾ ಸತ್ತ ಮೇಲೆ ನಿಂಗೆ ಗಂಜಿ ಬಡ್ಸೂರು ಯಾರಾ?"

"ಸಾಯೂಕೆ ಮುಂಚೆ ಬಡ್ಸಿಟ್ಟು ಹೋಗು ಅಬ್ಬೆ!"

ಅಳಬೇಕೋ ನಗಬೇಕೋ ಹೇಳಿ. ಅವಳು ಅಳುತ್ತಿದ್ದಳು.

ಐಸ್ ಫ್ಯಾಕ್ಟರಿಯಲ್ಲಿ ಅರ್ಧ ದಿನ, ಬಲೆ ಅಂಗಡಿಯಲ್ಲಿ ಒಂದು ದಿನ, ಸೋಡಾ ಗಾಡಿಯಲ್ಲಿ ಒಂದು ಗಂಟೆ. ಅವನು ನಿಂತ ಕೆಲಸವೇ ಇಲ್ಲ. ಕಡೆಗೆ ದೂರದ ಸಂಬಂಧಿ ಈರಪ್ಪ ಒಂದು ಮಾತು ಕೊಟ್ಟ. "ಮಾಸ್ತಮ್ಮ, ನಿನ್ನ ಮಗ ಸೋಮವಾರದಿಂದ ಐತವಾರದವರೆಗೆ ಒಂದೇ ಕೆಲ್ಸದಲ್ಲಿ ನಿಂತ್ರೆ, ನನ್ನ ಮಗ್ಳನ್ನ ಕರ್ಕಂಡು ಮದುವೆ ಮಾತಿಗೆ ನಾನೇ ಬತ್ತೆ."

ಒಂದು ವಾರ! ಬೇರೆಯವರ ಮಕ್ಕಳಿಗೆ ಅದೊಂದು ದೊಡ್ಡ ಮಾತಾ? ಮಾಸ್ತಮ್ಮನಿಗೆ ಅದೇ ಸಮುದ್ರ ದಾಟಿದ ಹಾಗೆ.

ಆಗ ದಡದ ಶೆಡ್ಡಿಗೆ ಹೊಸ ಮಿಶಿನ್ ಬಂತು. ಶೆಡ್ಡು ಮಿರಾಂಡ ಸರ್ ಅವರದ್ದು. ಪ್ಯಾಟೆಯ ಜನರಿಗೆ ಬೆನ್ನಿಗೆ ಸಿಲಿಂಡರ್ ಕಟ್ಟಿ, ಎದುರಿನ ದ್ವೀಪದ ಹತ್ತಿರ ನೀರಿನಡಿ ಮುಳುಗಿಸಿ ಮೀನು ತೋರಿಸುವುದು ಅವರ ಕಸುಬು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಕ್ಸಿಜನ್ ಅಂತೆ. ಅದನ್ನು ಮೂವತ್ತೆರಡಕ್ಕೆ ಏರಿಸಿ ತುಂಬಿದರೆ ನೀರಿನಡಿ ಹೆಚ್ಚು ಹೊತ್ತು ಇರಬಹುದಂತೆ. ಅದರ ಹೆಸರು ನೈಟ್ರಾಕ್ಸ್. ಅದನ್ನು ತುಂಬುವ ಮಿಶಿನ್ನು ಎರಡು ನೀಲಿ ಪೆಟ್ಟಿಗೆಯಲ್ಲಿ ಬಂತು, ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗುವಂಥದ್ದು. ಗಾಳಿ ಎಳೆದು ಒತ್ತುವ ಕಂಪ್ರೆಸರ್, ಅದಕ್ಕೆ ಗಾಳಿ ಕುಡಿಸುವ ಉದ್ದ ಪೈಪು, ಆ ಪೈಪಿನಲ್ಲಿ ಆಕ್ಸಿಜನ್ ಬೆರೆಸುವ ಕೊಳವೆ, ಎಷ್ಟು ಬೆರೆತಿದೆ ಅಂತ ತೋರಿಸುವ ಮೀಟರು. ಭಾನುವಾರ ಆರು ಮಂದಿ ಮುಳುಗುವವರು ಬರುವವರಿದ್ದರು. ಅಷ್ಟರಲ್ಲಿ ಎಲ್ಲ ಜೋಡಿಸಿ ತಯಾರಾಗಬೇಕು. ಭಾರ ಎತ್ತುವುದಕ್ಕೆ ಆಳು ಬೇಕಿತ್ತು. ಮಾಸ್ತಮ್ಮ ಕೈಮುಗಿದಳು, ಜಟ್ಟಪ್ಪ ಸೇರಿದ.

ಸೋಮವಾರ ಮಿರಾಂಡ ಸರ್ ಊಟಕ್ಕೆ ಹೊರಟರು. ಹೋಗುವಾಗ ಏನು ಹೇಳಿದರು ಗೊತ್ತಾ? "ದೋಣಿಗೆ ಹೊಸ ಎಂಜಿನ್ ಬಂದ್ರೆ ನೀವು ಹೆಂಗೆ ನೋಡ್ಕಳ್ತೀರೋ, ಇದನ್ನೂ ಹಂಗೇ ನೋಡ್ಕೋ."

"ಆತು ಸರ್!"

ನಮ್ಮ ಕೇರಿಯಲ್ಲಿ ಹೊಸ ಎಂಜಿನ್ ಬಂದರೆ ಏನು ಮಾಡುತ್ತಾರೆ? ಕೊಬ್ಬರಿ ಎಣ್ಣೆ ಸವರಿ, ಕುಂಕುಮ ಇಟ್ಟು, ಕಾಯಿ ಒಡೆಯುತ್ತಾರೆ. ಜಟ್ಟಪ್ಪ ಆಕ್ಸಿಜನ್ ಸಿಲಿಂಡರಿನ ನೆತ್ತಿಗೆ ಎಣ್ಣೆ ಸವರಿದ. ಕುತ್ತಿಗೆಗೂ ಸವರಿದ. ತಿರುಪಿನ ಸಂದಿಗೂ ಬೆರಳು ಹಾಕಿ ಸವರಿದ. ಕಾಯಿ ಒಡೆದ.

ಮಿರಾಂಡ ಸರ್ ಬಾಗಿಲಲ್ಲೇ ಕೂಗಿಕೊಂಡರು. "ಕೈ ತೆಗಿ! ತಿರುಪು ಮುಟ್ಬೇಡ! ಆಕ್ಸಿಜನ್‌ಗೆ ಎಣ್ಣೆ ತಾಗಿದ್ರೆ ಬೆಂಕಿ ಹತ್ಕಂಡು ಶೆಡ್ಡೇ ಹಾರಿ ಹೋಗ್ತದೆ ಮಾರಾಯ!"

"ಹೊಸ ಎಂಜಿನ್‌ಗೆ ಹಿಂಗೇ ಮಾಡುದು ಸರ್!"

"ಇನ್ಮೇಲೆ ಇಲ್ಲಿ ಎಲ್ಲಿ ಎಣ್ಣೆ ಕಂಡ್ರೂ ತೆಗ್ದು ಹೊರಗೆ ಚೆಲ್ಲು! ಒಂದು ಹನಿ ಇರಬಾರ್ದು!"

"ಆತು ಸರ್!"

ಆ ಸಿಲಿಂಡರ್ ವಾಪಸ್ ಹೋಯಿತು, ಬೇರೆ ಬಂತು. ಮನೆಯಲ್ಲಿ ಮಾಸ್ತಮ್ಮ ಸೌಟು ಹಿಡಿದು ಬೈದಳು. "ಅವ್ರು ಹೇಳಿದಷ್ಟು ಮಾಡಾ! ಎಣ್ಣೆ ಚೆಲ್ಲು ಅಂದ್ರೆ ಚೆಲ್ಲು!"

ಮಂಗಳವಾರ ಬೆಳಿಗ್ಗೆ ಜಟ್ಟಪ್ಪ ಬೇಗ ಹೋದ. ಎಣ್ಣೆ ಹುಡುಕಿದ. ಲಾಟೀನಿನಲ್ಲಿ ಇರಲಿಲ್ಲ, ಗೋಡೆಯಲ್ಲಿ ಇರಲಿಲ್ಲ. ಕಂಪ್ರೆಸರಿನ ಹೊಟ್ಟೆಯ ಗಾಜಿನಲ್ಲಿ ಕಂಡಿತು. ಅಡಿಯ ನಟ್ಟು ಬಿಚ್ಚಿದ, ಅಷ್ಟನ್ನೂ ಡಬ್ಬಕ್ಕೆ ಬಸಿದ, ಹೊರಗೆ ಚೆಲ್ಲಿದ.

ಮಿರಾಂಡ ಸರ್ ಸ್ವಿಚ್ಚಿಗೆ ಕೈ ಹಾಕುವ ಮೊದಲು ಗಾಜು ನೋಡಿದರು. ಖಾಲಿ! "ಇದರ ಎಣ್ಣೆ ಎಲ್ಲಿ?"

"ಚೆಲ್ದೆ ಸರ್! ಒಂದು ಹನಿ ಇಲ್ಲ. ನಿಮ್ಮ ತಲೆಯಲ್ಲಿ ಮಾತ್ರ ಸ್ವಲ್ಪ ಉಳ್ದದೆ." ಹೀಗಂದು ಬಟ್ಟೆ ತೆಗೆದುಕೊಂಡು ಅವರ ತಲೆಗೇ ಕೈ ಹಾಕಿದ.

"ದೂರ ನಿಲ್ಲು! ಎಣ್ಣೆ ಇಲ್ದೆ ಕಂಪ್ರೆಸರ್ ಓಡಿಸಿದ್ರೆ ಅದು ಸುಟ್ಟು ಕರಕಾಗ್ತದೆ! ಇನ್ಮೇಲೆ ಏನೂ ಮುಟ್ಬೇಡ! ಇಟ್ಟದ್ದು ಇಟ್ಟಲ್ಲೇ ಇರ್ಬೇಕು!"

"ಆತು ಸರ್!"

ಮಾಸ್ತಮ್ಮ ಅವತ್ತು ಸೌಟು ಬಿಟ್ಟು ಪೊರಕೆ ಹಿಡಿದಳು. "ಇಟ್ಟಲ್ಲೇ ಇರ್ಲಿ ಅಂದ್ರಲ್ಲ, ಕೇಳ್ತಾ? ಇಟ್ಟಲ್ಲೇ!"

ಬುಧವಾರ ಕಂಪ್ರೆಸರಿಗೆ ಗಾಳಿ ಕುಡಿಸುವ ಪೈಪನ್ನು ಮಿರಾಂಡ ಸರ್ ತಾವೇ ಎಳೆದು ಪೂರ್ವಕ್ಕೆ ಇಟ್ಟರು. ಮಿಶಿನ್ನಿಗೆ ಕರೆಂಟು ಕೊಡುವ ಜನರೇಟರಿನ ಹೊಗೆ ಪಶ್ಚಿಮಕ್ಕೆ ಹೋಗುತ್ತಿತ್ತು. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುವುದು ತಾನೆ? ಮಧ್ಯಾಹ್ನಕ್ಕೆ ಅದು ತಿರುಗಿ ಕಡಲಿಂದ ನೆಲಕ್ಕೆ ಬೀಸುತ್ತದೆ, ನಮ್ಮ ಕೇರಿಯ ತೊಟ್ಟಿಲ ಮಗುವಿಗೂ ಗೊತ್ತು. ಜಟ್ಟಪ್ಪನಿಗೂ ಗೊತ್ತಿತ್ತು! ಗಾಳಿ ತಿರುಗಿತು. ಹೊಗೆಯೆಲ್ಲ ಸೀದಾ ಪೈಪಿನ ಬಾಯಿಗೆ. ಜಟ್ಟಪ್ಪ ಕೈಕಟ್ಟಿ ನೋಡುತ್ತಾ ಕುಳಿತ.

ತುಂಬಿದ ಗಾಳಿ ಮೂಸಿ ಮಿರಾಂಡ ಸರ್ ಬಿಳುಚಿಕೊಂಡರು. "ಈ ಹೊಗೆ ಕುಡಿದು ನೀರಿಗಿಳಿದವ್ರು ಮೇಲೆ ಬರೂದಿಲ್ಲ! ಕಾಣ್ಲಿಲ್ವಾ ನಿಂಗೆ?"

"ಕಂಡಿತು ಸರ್! ಇಟ್ಟದ್ದು ಇಟ್ಟಲ್ಲೇ ಇರ್ಬೇಕು ಅಂದಿದ್ರಿ!"

"ಗಾಳಿ ತಿರುಗಿದ್ರೆ ತಿರುಗ್ಬೇಕು ಮಾರಾಯ, ತಿರುಗ್ಬೇಕು!"

"ಆತು ಸರ್!"

ಈಗ ನನಗೆ ಯಾರ ಮೇಲೆ ಸಿಟ್ಟು ಬರುತ್ತದೆ ಗೊತ್ತಾ? ಜಟ್ಟಪ್ಪನ ಮೇಲಲ್ಲ. ಪೈಪು ತಿರುಗಿಸು ಅಂತ ಪೂರ್ತಿ ಹೇಳಲಿಕ್ಕೆ ಆ ಮನುಷ್ಯನ ಬಾಯಿ ಸವೆಯುತ್ತಿತ್ತಾ? ಅರ್ಧ ಹೇಳುವುದು ಇವರು, ಪೆದ್ದ ಅನ್ನಿಸಿಕೊಳ್ಳುವುದು ಅವನು!

ಗುರುವಾರ ಒತ್ತಡ ತೋರಿಸುವ ಮುಳ್ಳು ನೋಡುವ ಕೆಲಸ ಕೊಟ್ಟರು. ಸಿಲಿಂಡರ್ ತುಂಬುತ್ತಾ ಮುಳ್ಳು ಕೆಂಪು ಗೆರೆಗೆ ಬಂದರೆ ನಿಲ್ಲಿಸಬೇಕು. ಜಟ್ಟಪ್ಪ ಕಣ್ಣು ಕೀಳಲಿಲ್ಲ. ಅಷ್ಟರಲ್ಲಿ ಕಡಲ ಗಾಳಿ ಬಂತು. ಗಾಳಿ ತಿರುಗಿತು, ಜಟ್ಟಪ್ಪನೂ ತಿರುಗಿದ! ಮುಳ್ಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಂತ. ಮುಳ್ಳು ಕೆಂಪು ದಾಟಿತು. ಹೆಚ್ಚಾದ ಗಾಳಿ ಬಿಡುವ ಸಣ್ಣ ಮುಚ್ಚಳ ಢಬ್ ಅಂತ ಹಾರಿ ಹೆಂಚು ಒಡೆಯಿತು.

"ಹೋಗು! ಮನೆಗೆ ಹೋಗು!" ಅಂದರು ಮಿರಾಂಡ ಸರ್.

ಮಾಸ್ತಮ್ಮ ಓಡಿ ಬಂದು ಶೆಡ್ಡಿನ ಬಾಗಿಲಿಗೆ ಅಡ್ಡ ಕುಳಿತಳು. "ಇನ್ನು ಮೂರೇ ದಿನ ಸರ್. ಇವತ್ತು ಇವ್ನು ಮನೆಗೆ ಬಂದ್ರೆ ಜನ್ಮಪೂರ್ತಿ ಒಬ್ಬನೇ ಉಳಿತ. ನಾ ಎಷ್ಟು ದಿನ ಇರ್ತೆ?" ಅವಳು ಅತ್ತದ್ದನ್ನು ನಾನು ಅಲ್ಲಿ ನಿಂತು ನೋಡಿದ್ದೇನೆ. ನಿಮಗೆ ಇನ್ನೂ ನಗು ಬರುತ್ತದಾ?

ಮಿರಾಂಡ ಸರ್ ಅವಳನ್ನು ಕೈಹಿಡಿದು ಎಬ್ಬಿಸಿದರು. ಆಮೇಲೆ ಮೀಟರನ್ನು ಜಟ್ಟಪ್ಪನ ಕೈಗೆ ಕೊಟ್ಟು, ಮೊದಲ ಸಲ ಪೂರ್ತಿ ಹೇಳಿದರು. "ನೋಡು ಜಟ್ಟಪ್ಪ. ಯಾರೇ ತಂದು ಕೊಡ್ಲಿ, ಎಷ್ಟು ಅಂತ ನೋಡ್ದೆ ಒಪ್ಕೋಬೇಡ. ಇಪ್ಪತ್ತೊಂದು ಬಂದ್ರೆ ಅದು ಸಾದಾ ಗಾಳಿ, ವಾಪಸ್ ಕಳ್ಸು. ಮೂವತ್ತೆರಡು ಬಂದ್ರೆ ಮಾತ್ರ ತಗೋ. ಟೇಪಿನ ಮೇಲೆ ಮೂವತ್ತೆರಡು ಅಂತ ಬರ್ದು, ನಿನ್ನ ಹೆಸರು ಬರ್ದು ಅಂಟ್ಸು. ಮೂವತ್ಮೂರು ಬಂದ್ರೆ ಸಾದಾ ಗಾಳಿ ಸೇರ್ಸಿ ಇಳ್ಸು. ತಿಳೀತಾ?"

"ಆತು ಸರ್!"

ಶುಕ್ರವಾರ ಒಂದು ತಪ್ಪಿಲ್ಲ! ಶನಿವಾರ ಒಂದು ತಪ್ಪಿಲ್ಲ! ಮಿರಾಂಡ ಸರ್ ಅವಸರದಲ್ಲಿ ಒಂದು ಸಾದಾ ಸಿಲಿಂಡರನ್ನು ನೈಟ್ರಾಕ್ಸ್ ಸಾಲಿಗೆ ಸೇರಿಸಿದಾಗ ಹಿಡಿದವನೇ ಜಟ್ಟಪ್ಪ. "ಇಪ್ಪತ್ತೊಂದು! ವಾಪಸ್!" ಅಂದ. ಭಾನುವಾರ ಆರು ಮಂದಿಯೂ ಮುಳುಗಿದರು, ಆರು ಮಂದಿಯೂ ಎದ್ದು ಬಂದು ಅವನ ಕೈ ಕುಲುಕಿದರು. ವಾರ ಮುಗಿಯಿತು! ಮಾಸ್ತಮ್ಮ ಶೆಡ್ಡಿನ ಮುಂದೆಯೇ ಚಾಪೆ ಹಾಸಿ ಕಾದಳು.

ಈರಪ್ಪ ಮಾತಿನಂತೆ ಬಂದ. ಹಿಂದೆ ಕಿರಿಮಗಳು ಸುಮಿತ್ರಾ, ಮೂತಿ ಊದಿಸಿಕೊಂಡು. ಅವಳನ್ನು ಯಾರು ಕೇಳಿದ್ದರು? ಅವಳ ಹಿಂದೆ ಹಣ್ಣಿನ ಚೀಲ ಹೊತ್ತುಕೊಂಡು ಹಿರಿಮಗಳು ಗುಲಾಬಿ. ಗುಲಾಬಿಯ ಸುದ್ದಿ ನಿಮಗೆ ಹೇಳಬೇಕು. ಬಲೆ ಹೆಣೆಯುವುದರಲ್ಲಿ ಅವಳ ಸಮ ಇನ್ನೊಬ್ಬರಿಲ್ಲ. ಬಂದ ಗಂಡುಗಳೆಲ್ಲ ವಯಸ್ಸು ಕೇಳಿ ಎದ್ದು ಹೋದವರೇ. ಆಮೇಲೆ ಅಪ್ಪನೇ ಅವಳನ್ನು ಲೆಕ್ಕದಿಂದ ತೆಗೆದು ಚೀಲ ಹೊರಲಿಕ್ಕೆ ಇಟ್ಟುಕೊಂಡಿದ್ದ.

"ಇವ್ಳೇ ಹುಡುಗಿ," ಅಂದ ಈರಪ್ಪ, ಸುಮಿತ್ರಾಳನ್ನು ಮುಂದೆ ತಳ್ಳಿ.

ಜಟ್ಟಪ್ಪ ಮೀಟರ್ ಕೆಳಗಿಟ್ಟ. "ಎಷ್ಟು?"

"ಎಷ್ಟು ಅಂದ್ರೆ? ವಯಸ್ಸಾ? ಇಪ್ಪತ್ತೊಂದು."

"ಇಪ್ಪತ್ತೊಂದಾ? ವಾಪಸ್!"

"ಎಂತ ಅಂದೆ?"

"ಇಪ್ಪತ್ತೊಂದು ಸಾದಾ! ವಾಪಸ್ ಕಳ್ಸು!"

"ಅಯ್ಯೋ ನನ್ನ ಕರ್ಮವೇ!" ಮಾಸ್ತಮ್ಮ ಎದೆ ಎದೆ ಬಡಿದುಕೊಂಡಳು. ಸುಮಿತ್ರಾಳ ಮುಖ ಮಾತ್ರ ಅರಳಿತು. ಈರಪ್ಪ ಕುಣಿದಾಡಿದ. "ಪೆದ್ದು ಮುಂಡೇದೆ! ಇಪ್ಪತ್ತೊಂದು ಸಾಲ್ದಾ? ಮತ್ತೆ ಎಷ್ಟು ಬೇಕಾ ನಿಂಗೆ?"

"ಮೂವತ್ತೆರಡು! ಮೂವತ್ತೆರಡು ಬಂದ್ರೆ ಮಾತ್ರ ತಕಂತೆ."

ಹಣ್ಣಿನ ಚೀಲ ಕೆಳಗಿಟ್ಟ ಸದ್ದಾಯಿತು.

"ನಂಗೆ ಮೂವತ್ತೆರಡು," ಅಂದಳು ಗುಲಾಬಿ.

"ಏ, ಸುಮ್ನಿರೇ ನೀನು!" ಅಂದ ಅಪ್ಪ.

"ಎಂತಕ್ಕೆ ಸುಮ್ನಿರ್ಲಿ? ಹತ್ತು ವರ್ಷ ಸುಮ್ನೇ ಇದ್ನಲ್ಲ! ಕಣ್ಣಿದ್ದವ್ರು, ಬುದ್ಧಿ ಇದ್ದವ್ರು ಎಷ್ಟು ಮಂದಿ ಬಂದು ಚಾ ಕುಡ್ದು ಹೋದ್ರು? ನನ್ನ ವಯಸ್ಸು ಕೇಳಿ ಬೇಕು ಅಂದವ ಇವನೊಬ್ಬನೇ ಅಪ್ಪ!"

ಜಟ್ಟಪ್ಪ ಅಷ್ಟರಲ್ಲಿ ಟೇಪು ಹರಿದಾಗಿತ್ತು. ನಾಲಿಗೆ ಕಚ್ಚಿಕೊಂಡು ಬರೆದ. ಮೂವತ್ತೆರಡು. ಜಟ್ಟಪ್ಪ. ಬರೆದವನೇ ಹೋಗಿ ಗುಲಾಬಿಯ ಹೆಗಲಿಗೆ ಅಂಟಿಸಿದ. ಗುಲಾಬಿ ಅದನ್ನು ಓದಿದಳು. ಕೀಳಲಿಲ್ಲ.

ಮದುವೆಯಾಯಿತು. ಮಿರಾಂಡ ಸರ್ ಶೆಡ್ಡಿನಲ್ಲಿ ಅವನು ಇವತ್ತಿಗೂ ಇದ್ದಾನೆ. ಮನೆಯಲ್ಲಿ ಹೇಳುವುದನ್ನು ಪೂರ್ತಿ ಹೇಳುವವಳು ಇದ್ದಾಳೆ. ಮಾಸ್ತಮ್ಮ ಹಣೆ ಚಚ್ಚಿಕೊಳ್ಳುವುದನ್ನು ಬಿಟ್ಟಳು.

ಬಿಟ್ಟಳು ಅಂತ ನಾನು ಅಂದುಕೊಂಡಿದ್ದೆ! ಮರುವರ್ಷ ಒಂದು ಮಧ್ಯಾಹ್ನ ಅವಳ ಕೂಗು ಕೇಳಿ ಓಡಿದೆ. ಜಗುಲಿಯಲ್ಲಿ ಗುಲಾಬಿ ಕಾಲು ಚಾಚಿ ಕುಳಿತಿದ್ದಾಳೆ. ಜಟ್ಟಪ್ಪ ಎರಡೂ ಕೈಯಲ್ಲಿ ದೊಡ್ಡ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು, ಬೆವರು ಸುರಿಸುತ್ತಾ ಅವಳಿಗೆ ಗಾಳಿ ಹಾಕುತ್ತಿದ್ದಾನೆ.

"ಎಂತಾ ಜಟ್ಟಪ್ಪ ಇದು?"

"ಇವ್ಳಿಗೆ ಇವತ್ತು ಮೂವತ್ಮೂರು ಆತು ಅಕ್ಕ! ಸಾದಾ ಗಾಳಿ ಸೇರ್ಸಿ ಇಳಿಸ್ತಾ ಇದ್ದೆ!"

"ಕೆಲ್ಸ ಬಿಟ್ಟು ಬೆಳಿಗ್ಗೆಯಿಂದ ಹಿಂಗೇ ಬೀಸ್ತಾ ಇದ್ದ! ನಿಲ್ಸು ಅಂತ ನೀನಾದ್ರೂ ಹೇಳೇ ಗುಲಾಬಿ!" ಅಂತ ಮಾಸ್ತಮ್ಮ ಹಣೆ ಚಚ್ಚಿಕೊಂಡಳು.

ಗುಲಾಬಿ ಕಣ್ಣು ಮುಚ್ಚಿಕೊಂಡೇ ಅಂದಳು, "ಇಳೀಲಿ ಅತ್ತೆ. ಇನ್ನೂ ಇಳೀಲಿಲ್ಲ."

ಈಗ ನಗುವವರು ನಗಿ. ನನಗೆ ಅರವತ್ತೊಂದಾಯಿತು. ನಮ್ಮ ಮನೆಯಲ್ಲೂ ಗಂಡ ಅಂತ ಒಬ್ಬ ಬುದ್ಧಿವಂತ ಇದ್ದಾನೆ. ಬೀಸಣಿಗೆ ಎಲ್ಲಿದೆ ಅಂತ ಕೂಡ ಅವನಿಗೆ ಗೊತ್ತಿಲ್ಲ!