ಲಾಳಿಯ ಚಿತ್ರ

“ಗುರುಗಳೇ, ಒಬ್ಬನ ತಪ್ಪನ್ನು ಕಣ್ಣಾರೆ ಕಂಡ ಮೇಲೆ ಇನ್ನು ವಿಚಾರಿಸುವುದೇನು ಉಳಿದಿರುತ್ತದೆ?” ಎಂದು ಶಿಷ್ಯ ಕೇಳಿದ.

ಮಠದ ಊಟದ ಸಾಲಿನ ಉಸ್ತುವಾರಿ ಆ ಶಿಷ್ಯನದು. ಬಡಿಸುವವರಲ್ಲಿ ಒಬ್ಬನನ್ನು ಕೆಲಸದಿಂದ ಬಿಡಿಸಬೇಕೆಂದು ತೀರ್ಮಾನಿಸಿಕೊಂಡೇ ಬಂದಿದ್ದ. ಆತ ದಿನವೂ ಸಾರು ಚೆಲ್ಲುತ್ತಾನೆ, ಇದು ಯಾರೋ ಹೇಳಿದ ಮಾತಲ್ಲ, ತಾನೇ ಪಕ್ಕದಲ್ಲಿ ನಿಂತು ನೋಡಿದ್ದು ಎಂದ. ಗುರುಗಳ ಒಪ್ಪಿಗೆಯೊಂದು ಬಾಕಿ ಇತ್ತು.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ನೇಕಾರರಿಗೆ ನೂಲು ಕೊಟ್ಟು, ಅವರು ನೇಯ್ದ ಸೀರೆಯನ್ನು ತಾನೇ ಕೊಳ್ಳುವುದು ಅವನ ಕಸುಬು. ಕೊಟ್ಟ ನೂಲು ಸೀರೆಯಾಗಿ ಅಂಗಡಿಗೆ ಬರುವ ತನಕ ಸರಕು ಬೇರೆಯವರ ಮನೆಯಲ್ಲಿರುತ್ತದೆ. ಅಂಥ ವ್ಯಾಪಾರದಲ್ಲಿ ಕಣ್ಣಿಟ್ಟಿರಬೇಕಾದದ್ದೇ. ಆದ್ದರಿಂದ ಅವನು ವಾರಕ್ಕೊಮ್ಮೆ ನೇಕಾರರ ಮನೆಗಳಿಗೆ ಹೋಗಿ ಮಗ್ಗದ ಬಳಿ ನಿಂತು ಬರುತ್ತಿದ್ದ.

ಒಬ್ಬ ನೇಕಾರನ ಮನೆಯಲ್ಲಿ ಅವನು ನಿಂತಿದ್ದಾಗ ಎಳೆ ಹರಿಯಿತು. ಲಾಳಿ ಹಾಸಿನ ನಡುವೆ ಆ ಬದಿಯಿಂದ ಈ ಬದಿಗೆ ಓಡುವಾಗ ಅದರ ಹಿಂದೆ ಬರುವ ನೂಲು ಪಟ್ಟನೆ ತುಂಡಾಯಿತು. ನೇಕಾರ ಗಂಟು ಹಾಕಿದ. ಮತ್ತೆ ಹರಿಯಿತು. ನನ್ನೆದುರೇ ಹೀಗಾದರೆ ನಾನಿಲ್ಲದಾಗ ಏನೇನಾಗುತ್ತದೋ ಎಂದು ವ್ಯಾಪಾರಿ ಯೋಚಿಸಿದ. ವ್ಯಾಪಾರಸ್ಥನ ಯೋಚನೆಯಾಗಿ ಅದರಲ್ಲಿ ದೋಷವಿರಲಿಲ್ಲ. ಅಂದಿನಿಂದ ದಿನ ಬಿಟ್ಟು ದಿನ ಬರತೊಡಗಿದ. ಬಂದಾಗಲೆಲ್ಲ ಎಳೆ ಹರಿಯಿತು. ಆಮೇಲೆ ದಿನವೂ ಬಂದ.

ನೇಕಾರ ನೂಲಿನ ಮೇಲೆ ತಪ್ಪು ಹೊರಿಸಿದ. ವ್ಯಾಪಾರಿ ನೇಕಾರನ ಮೇಲೆ ಹೊರಿಸಿದ. ತಪ್ಪು ನಿನ್ನದೆಂದು ಗೊತ್ತಾದ ದಿನವೇ ನೂಲು ನಿಲ್ಲಿಸುತ್ತೇನೆ ಎಂದ. ಆ ಊರಿನ ವ್ಯಾಪಾರಿಗಳಲ್ಲಿ ಒಂದು ರೂಢಿಯಿತ್ತು. ಒಬ್ಬರು ಕೈಬಿಟ್ಟ ನೇಕಾರನಿಗೆ ಇನ್ನೊಬ್ಬರು ನೂಲು ಕೊಡುತ್ತಿರಲಿಲ್ಲ. ಹಾಗಾಗಿ ಆ ಮಾತು ಮಗ್ಗವನ್ನೇ ಬಿಚ್ಚಿ ಅಟ್ಟಕ್ಕೆ ಹಾಕು ಎಂದಂತೆಯೇ ಆಗಿತ್ತು.

ಎಳೆ ಹರಿಯುವುದು ಎಲ್ಲಿ ಎಂದು ನೋಡಲು ವ್ಯಾಪಾರಿ ಲಾಳಿಯನ್ನು ನಿಧಾನವಾಗಿ ಓಡಿಸೆಂದ. ನೇಕಾರ ಲಾಳಿ ಓಡಿಸುವ ಹಗ್ಗವನ್ನು ಮೆಲ್ಲಗೆ ಎಳೆದ. ಲಾಳಿ ಮುದುಕನಂತೆ ಸಾಗಿತು. ಎಳೆ ಹರಿಯಲಿಲ್ಲ.

“ನೋಡಿದೆಯಾ? ನೂಲು ಗಟ್ಟಿಯಾಗಿಯೇ ಇದೆ” ಎಂದ ವ್ಯಾಪಾರಿ.

“ಇದೇ ನಡೆಯಲ್ಲಿ ನೇಯುತ್ತೇನೆ ಸಾವ್ಕಾರ್ರೇ. ಈ ವರ್ಷದ ಮದುವಣಗಿತ್ತಿಯ ಸೀರೆ ಅವಳ ಮಗಳ ಮದುವೆಗೆ ಕೈಸೇರೀತು” ಎಂದ ನೇಕಾರ.

ವ್ಯಾಪಾರಿ ನಗಲಿಲ್ಲ. ಪಟ್ಟಣದಿಂದ ಒಬ್ಬ ಫೋಟೋಗ್ರಾಫರನನ್ನು ಕರೆಸಿದ. ನೀರು ತುಂಬಿದ ಬಲೂನು ಒಡೆಯುವ ಗಳಿಗೆಯನ್ನೂ, ನೆಲಕ್ಕೆ ಬಿದ್ದ ಹಾಲಿನ ಹನಿ ಚಿಮ್ಮುವುದನ್ನೂ ಅಲ್ಲಾಡದಂತೆ ಹಿಡಿಯುವವನೆಂದು ಅವನಿಗೆ ಹೆಸರಿತ್ತು. ಓಡುವ ಲಾಳಿಯನ್ನು ಹಿಡಿದು ತೋರಿಸಲಿ, ಅದರಲ್ಲಿ ಕಂಡದ್ದಕ್ಕೆ ಇಬ್ಬರೂ ತಲೆಬಾಗಬೇಕು ಎಂದು ಮಾತಾಯಿತು. ನೇಕಾರನೂ ಒಪ್ಪಿದ. ತನ್ನ ಕೈಯ ಮೇಲೆ ಅವನಿಗೆ ಅನುಮಾನವಿರಲಿಲ್ಲ.

ಕಿಟಕಿಯ ಬೆಳಕಿನಲ್ಲಿ ತೆಗೆದ ಮೊದಲ ಚಿತ್ರದಲ್ಲಿ ಲಾಳಿಯ ಜಾಗದಲ್ಲಿ ಒಂದು ಮಸುಕು ಗೆರೆ ಬಿತ್ತು. ವ್ಯಾಪಾರಿ ಅದರಲ್ಲಿ ನೇಕಾರನ ತಪ್ಪು ಕಂಡ, ನೇಕಾರ ನೂಲಿನ ಸಿಕ್ಕು ಕಂಡ. ಬೆಳಕು ಸಾಲದು, ಫ್ಲ್ಯಾಶನ್ನು ಪೂರ್ತಿ ಜೋರಿಗೆ ಇಡು ಎಂದ ವ್ಯಾಪಾರಿ. ಫೋಟೋಗ್ರಾಫರ್ ಇಟ್ಟು ತೋರಿಸಿದ. ಗೆರೆ ಇನ್ನಷ್ಟು ಬೆಳ್ಳಗಾಯಿತು, ಲಾಳಿಯಾಗಲಿಲ್ಲ.

“ಯಜಮಾನರೇ, ಫ್ಲ್ಯಾಶ್ ಜೋರಾದಷ್ಟೂ ಆರುವುದು ತಡ. ಅಷ್ಟರಲ್ಲಿ ಲಾಳಿ ಮುಂದೆ ಹೋಗಿರುತ್ತದೆ” ಎಂದ ಫೋಟೋಗ್ರಾಫರ್. “ಬೆಳಕು ತಗ್ಗಿಸಿದರೆ ಹೊತ್ತಿದ ಕೂಡಲೇ ಆರುತ್ತದೆ. ಆಗ ಲಾಳಿ ನಿಂತಂತೆ ಕಾಣುತ್ತದೆ.”

“ಕಡಿಮೆ ಕೊಟ್ಟು ಹೆಚ್ಚು ತೋರಿಸುವುದು ನಮ್ಮ ಕಸುಬಲ್ಲವೇನಯ್ಯಾ?” ಎಂದ ವ್ಯಾಪಾರಿ. ಆದರೂ ಒಪ್ಪಿದ.

ಫೋಟೋಗ್ರಾಫರ್ ಕಿಟಕಿ ಬಾಗಿಲುಗಳಿಗೆ ಕಂಬಳಿ ಕಟ್ಟಿಸಿ ಕೋಣೆಯನ್ನು ಕತ್ತಲು ಮಾಡಿದ. ಆ ಕತ್ತಲಲ್ಲಿ ಕ್ಯಾಮೆರಾದ ಕಣ್ಣನ್ನು ತೆರೆದೇ ಬಿಡುವುದು. ಬೆಳಕು ಹೊತ್ತಿದ ಕ್ಷಣ ಮಾತ್ರ ಅದರೊಳಗೆ ಬೀಳುತ್ತದೆ, ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಮನುಷ್ಯನ ಬೆರಳು ಲಾಳಿಗಿಂತ ತಡವೆಂದು, ಲಾಳಿ ಓಡಿ ಬಂದು ಮಗ್ಗದ ಬದಿಯ ಪೆಟ್ಟಿಗೆಗೆ ಬಡಿದ ಸದ್ದಿಗೆ ತಾನಾಗಿ ಫ್ಲ್ಯಾಶ್ ಹೊತ್ತುವಂತೆ ಒಂದು ಸಣ್ಣ ಯಂತ್ರವನ್ನು ಕೂಡಿಸಿದ.

ಇನ್ನೊಂದು ತೊಡಕಿತ್ತು. ತಗ್ಗಿಸಿದ ಬೆಳಕು ದೂರ ಹೋಗುವುದಿಲ್ಲ. ಅದನ್ನು ಮಗ್ಗಕ್ಕೆ ತೀರ ಹತ್ತಿರ ಹಿಡಿಯಬೇಕು. ಮಗ್ಗಕ್ಕೂ ಗೋಡೆಗೂ ನಡುವೆ ಫ್ಲ್ಯಾಶಿನ ಸ್ಟ್ಯಾಂಡು ನಿಲ್ಲಿಸುವಷ್ಟು ಜಾಗವಿರಲಿಲ್ಲ, ಒಬ್ಬ ಮನುಷ್ಯ ಒತ್ತಿಕೊಂಡು ನಿಲ್ಲಬಹುದಿತ್ತು. ನೇಕಾರನ ಹೆಂಡತಿ ತಾನು ಹಿಡಿಯುತ್ತೇನೆ ಎಂದಳು. ವ್ಯಾಪಾರಿ ಒಪ್ಪಲಿಲ್ಲ. ನಾಳೆ ಮಾತು ಬರುತ್ತದೆ, ಕೊಡಿ ಇಲ್ಲಿ ಎಂದು ಫ್ಲ್ಯಾಶನ್ನು ತಾನೇ ಹಿಡಿದು ನೇಕಾರನ ಹೆಗಲ ಪಕ್ಕ ನಿಂತ. ದಿನಾ ಎಳೆಯುವ ಹಾಗೆಯೇ ಎಳೆ, ನಾಟಕ ಆಡಬೇಡ ಎಂದ. ಕತ್ತಲಲ್ಲಿ ಅವನ ಉಸಿರು ನೇಕಾರನ ಕಿವಿಗೆ ತಾಗುತ್ತಿತ್ತು.

ನೇಕಾರ ಹಗ್ಗ ಎಳೆದ. ಕೋಣೆ ಒಮ್ಮೆ ಬೆಳಗಿ ಆರಿತು. ಎಳೆ ಹರಿಯಿತು.

ಈ ಸಲ ಚಿತ್ರ ಬಂತು. ಲಾಳಿಯ ಮೂತಿಯ ಮೇಲಿನ ಗೀರುಗಳನ್ನು ಕೂಡ ಎಣಿಸುವಂತಿತ್ತು. ಲಾಳಿ ಪೆಟ್ಟಿಗೆಯ ಕೊನೆಗೆ ಬಡಿದು ಹಿಂದಕ್ಕೆ ಪುಟಿದಿತ್ತು. ಹಿಂದೆ ಬರುತ್ತಿದ್ದ ನೂಲು ಸಡಿಲವಾಗಿ ಸುತ್ತಿಕೊಂಡು ಅದರ ಮೂತಿಗೆ ಸಿಕ್ಕಿಬಿದ್ದಿತ್ತು. ಚಿತ್ರದ ಅಂಚಿನಲ್ಲಿ ಹಗ್ಗ ಹಿಡಿದ ನೇಕಾರನ ಮುಷ್ಟಿಯೂ ಇತ್ತು. ಗೆಣ್ಣುಗಳು ಬಿಳುಚಿದ್ದವು. ನೂಲಿನ ದೋಷವಲ್ಲ, ಮಗ್ಗದ್ದೂ ಅಲ್ಲ, ಬೇಕಾದ್ದಕ್ಕಿಂತ ಬಿರುಸಾಗಿ ಎಳೆದದ್ದರಿಂದ ಹೀಗಾಗಿದೆ ಎಂದು ಫೋಟೋಗ್ರಾಫರ್ ಹೇಳಿದ.

ನೇಕಾರ ಚಿತ್ರವನ್ನು ಬಹಳ ಹೊತ್ತು ನೋಡಿದ. “ಕೈ ನನ್ನದೇ. ಇಲ್ಲ ಅನ್ನುವ ಹಾಗಿಲ್ಲ” ಎಂದ.

ವ್ಯಾಪಾರಿ ಉಳಿದ ನೂಲನ್ನು ಅಂದೇ ಕಟ್ಟಿಸಿಕೊಂಡು ಹೋದ. ನೇಕಾರ ಕೆಲವು ತಿಂಗಳು ಬೇರೆಯವರ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೂಲಿ ಮಾಡಿದ. ಆಮೇಲೆ ದೂರದ ಊರಿನ ಒಬ್ಬ ವ್ಯಾಪಾರಿ ಅವನಿಗೆ ಬಸ್ಸಿನಲ್ಲಿ ನೂಲು ಕಳಿಸತೊಡಗಿದ. ಸೀರೆಯೂ ಬಸ್ಸಿನಲ್ಲೇ ಹೋಗುತ್ತಿತ್ತು. ಆ ವ್ಯಾಪಾರಿ ಮೈಗಳ್ಳ, ಮಗ್ಗ ನೋಡಲು ಒಮ್ಮೆಯೂ ಬರಲಿಲ್ಲ. ಅದೇ ಮಗ್ಗ, ಅದೇ ಲಾಳಿ, ಅದೇ ಕೈ. ಎಳೆ ಹರಿಯಲಿಲ್ಲ.

ಮೊದಲ ವ್ಯಾಪಾರಿ ಇನ್ನೊಬ್ಬ ನೇಕಾರನನ್ನು ಹಿಡಿದ. ಹಳೆಯ ಅನುಭವದಿಂದ ಬುದ್ಧಿ ಕಲಿತಿದ್ದರಿಂದ ಈ ಸಲ ಮೊದಲ ದಿನದಿಂದಲೇ ಮಗ್ಗದ ಪಕ್ಕ ಹೋಗಿ ನಿಂತ. ಅಲ್ಲಿಯೂ ಎಳೆ ಹರಿಯಿತು. ಅಲ್ಲಿಯೂ ಫೋಟೋಗ್ರಾಫರನನ್ನು ಕರೆಸಿ, ಕತ್ತಲು ಮಾಡಿಸಿ, ಫ್ಲ್ಯಾಶನ್ನು ತಾನೇ ಹಿಡಿದ. ಎರಡನೆಯ ಚಿತ್ರ ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಬಂತು. ಎರಡಕ್ಕೂ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿ, ಈಗಿನ ನೇಕಾರರ ಕೈಗುಣ ನೋಡಿ ಎನ್ನುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಎರಡೂ ಚಿತ್ರ ದಿನವೂ ಕಣ್ಣ ಮುಂದೆ ಇದ್ದವಲ್ಲ, ಎರಡರಲ್ಲೂ ಒಂದೇ ತಪ್ಪು, ಎರಡು ಬೇರೆ ಬೇರೆ ಕೈ. ಅಷ್ಟು ಜಾಣ ವ್ಯಾಪಾರಿಗೆ ಅದರ ಕಾರಣ ಚಿತ್ರದಲ್ಲಿ ಕಾಣಲಿಲ್ಲವೇ ಎಂದು ಕೇಳಿದ.

“ಬೆಳಕು ಹಿಡಿದು ನಿಂತವನು ಚಿತ್ರದಲ್ಲಿ ಬೀಳುವುದಿಲ್ಲ” ಎಂದರು ಗುರುಗಳು.