ಕುಂಟು ಕಾಗೆ ಸುಮ್ಮನಿದ್ದದ್ದು

ಮೇದಿನಿಗೆ ಹದಿಮೂರು, ತಮ್ಮ ನಚಿಗೆ ಐದು. ಇಬ್ಬರೂ ಶಾಲೆಗೆ ಹೋಗದೆ ಮನೆಯಲ್ಲೇ ಅಮ್ಮನ ಬಳಿ ಓದುತ್ತಿದ್ದರು. ಅಮ್ಮ ನಚಿಯನ್ನು ಏನು ಕೇಳಿದರೂ ಉತ್ತರ ಮಾತ್ರ ಮೇದಿನಿಯ ಬಾಯಿಂದಲೇ ಬರುತ್ತಿತ್ತು.

ಆ ವಾರದ ಪಾಠ ಕಾಗೆ. ತಾರಸಿಯ ಮೇಲೆ ಕಡಲೆಬೀಜದ ಡಬ್ಬಿ ಇಟ್ಟಿದ್ದರು. ಮುಚ್ಚಳಕ್ಕೆ ಕಟ್ಟಿದ ದಾರ ಎಳೆದರೆ ಅದು ತೆರೆದುಕೊಳ್ಳುತ್ತಿತ್ತು. ಮೂವರೂ ಬಾಗಿಲ ಮರೆಯಲ್ಲಿ ಕೂತು ನೋಡುತ್ತಿದ್ದರು.

ತಾಯಿ ಕಾಗೆಯೊಂದು ಮರಿಯ ಜೊತೆ ಬಂದಿಳಿಯಿತು. ಮರಿ ಡಬ್ಬಿಯನ್ನು ಕುಕ್ಕಿತು, ಉರುಳಿಸಿತು, ಅದರ ಮೇಲೆ ಹತ್ತಿ ಕುಣಿಯಿತು. ತಾಯಿ ಕುಂಟುತ್ತಾ ಹೋಗಿ ದೂರ ಕೂತಿತು.

"ನಿನ್ನೆ ಡಬ್ಬಿ ತೆರೆದ ಕಾಗೆ ಜಾಣ. ಈ ದೊಡ್ಡದು ಶುದ್ಧ ದಡ್ಡ," ಎಂದಳು ಮೇದಿನಿ.

ಮರಿಗೆ ಸಿಟ್ಟು ಬಂತು. "ಅಮ್ಮಾ, ನಿನ್ನೆ ತೆರೆದವಳು ನೀನೇ ಅಲ್ವಾ? ಇವತ್ತೂ ತೆರೆದು ತೋರಿಸು. ನಿನ್ನನ್ನು ದಡ್ಡಿ ಅಂತಿದ್ದಾರೆ."

"ಅಂದರೆ ಅನ್ನಲಿ ಬಿಡು ಮಗಾ. ನಾನು ತೆರೆದರೆ ನಿನಗೆ ಬೀಜ ಸಿಗುತ್ತದೆ, ಉಪಾಯ ಸಿಗುವುದಿಲ್ಲ."

ಮರಿ ಮತ್ತೆ ಡಬ್ಬಿಯ ಸುತ್ತ ಸುತ್ತಿತು. ಕೊನೆಗೆ ದಾರ ಕಚ್ಚಿ ಎಳೆಯಿತು. ಮುಚ್ಚಳ ತೆರೆಯಿತು.

ಬಾಗಿಲ ಮರೆಯಲ್ಲಿ ನಚಿ ಮೆಲ್ಲಗೆ ಹೇಳಿದ: "ಅಕ್ಕಾ, ನಿನ್ನೆ ಬಂದಿದ್ದೂ ಆ ದೊಡ್ಡ ಕಾಗೇನೇ. ಕಾಲು ನೋಡು, ಕುಂಟು."

ಮೇದಿನಿ ನೋಡಿದಳು. ಹೌದು, ಅದೇ ಕಾಗೆ.

"ಹಾಗಾದರೆ ಅದು ಇವತ್ತು ಯಾಕೆ ಸುಮ್ಮನೆ ಕೂತಿತ್ತು, ನಚಿ?" ಎಂದು ಅಮ್ಮ ಕೇಳಿದಳು.

ನಚಿ ತಲೆ ಕೆರೆದುಕೊಂಡ. ಉತ್ತರ ಮೇದಿನಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಒಮ್ಮೆ ಕುಂಟು ಕಾಗೆಯ ಕಡೆ ನೋಡಿ, ಬಾಯಿ ಮುಚ್ಚಿಕೊಂಡಳು.